ಸತ್ಯಾಂಶ: ಗ್ರೀನ್‌ಸ್ಟೆಡ್‌ನ ಮರದ ಚರ್ಚು 845ರದ್ದಲ್ಲ

ಇಂಗ್ಲೆಂಡಿನ ಎಸೆಕ್ಸ್‌ನ ಗ್ರೀನ್‌ಸ್ಟೆಡ್ ಹಳ್ಳಿಯ ಚರ್ಚನ್ನು ಕ್ರಿ.ಶ. 845ರಲ್ಲಿ ಕಟ್ಟಿದರು, ಮರವೆಲ್ಲ ಅಂದಿನದೇ ಎಂಬ ಮಾತು ಆಗಾಗ ಫಾರ್ವರ್ಡ್ ಆಗುತ್ತದೆ. ಎರಡೂ ಸರಿಯಲ್ಲ.

845 ಕಟ್ಟುಕಥೆಯೇನಲ್ಲ. 1960ರಲ್ಲಿ, ಮರದಲ್ಲಿ ವರ್ಷಕ್ಕೊಂದರಂತೆ ಮೂಡುವ ಉಂಗುರ ಎಣಿಸಿ ಹಾಕಿದ ಅಂದಾಜು ಅದು. 1995ರಲ್ಲಿ ಮತ್ತೆ ಪರೀಕ್ಷಿಸಿದಾಗ ಉಳಿದಿರುವ ಕೊನೆಯ ಉಂಗುರ 1053ರದ್ದೆಂದು ಗೊತ್ತಾಯಿತು. ಹಾಗಂತ ಮರ ಕಡಿದದ್ದೂ 1053ರಲ್ಲೇ ಅಲ್ಲ. ಓಕ್ ಮರದ ಚೇಗಿನ (ಒಳಗಿನ ಗಟ್ಟಿ ಭಾಗದ) ಹೊರಗೆ ಬಿಳಿ ಮರದ ಪದರ ಇರುತ್ತದೆ; ಹುಳ ಮೊದಲು ಹತ್ತುವುದು ಅದಕ್ಕೇ. ಇಲ್ಲಿ ಆ ಪದರ ಉಳಿದಿಲ್ಲ. ಅದರಲ್ಲಿ 10ರಿಂದ 55 ಉಂಗುರ ಇದ್ದಿರಬಹುದು. ಕೂಡಿದರೆ 1063ರಿಂದ 1108ರ ನಡುವಿನ ಕಾಲ. ಇನ್ನೂರು ವರ್ಷ ಕಡಿಮೆಯಾದರೂ ಇದು ಅಪರೂಪದ ಕಟ್ಟಡವೇ.

ಹಳೆಯದು ಮುಖ್ಯವಾಗಿ ನಡುಭಾಗದ ಗೋಡೆ. ದಿಮ್ಮಿಗಳನ್ನು ಉದ್ದಕ್ಕೆ ಸೀಳಿ, ದುಂಡನೆಯ ಬದಿ ಹೊರಕ್ಕೆ, ಚಪ್ಪಟೆ ಬದಿ ಒಳಕ್ಕೆ ಬರುವಂತೆ ಸಾಲಾಗಿ ನಿಲ್ಲಿಸಿದ್ದಾರೆ. ಒಳಬದಿಯಲ್ಲಿ ಬಾಚಿಯ ಏಟಿನ ಗುರುತು ಇನ್ನೂ ಕಾಣುತ್ತದೆ. ಅಂಚುಗಳಲ್ಲಿ ತೋಡು ಕೊರೆದು, ಎರಡು ದಿಮ್ಮಿಗಳ ನಡುವೆ ತೆಳು ಮರದ ಪಟ್ಟಿ ಕೂರಿಸಿರುವುದರಿಂದ ಸಂದಿಯಲ್ಲಿ ಗಾಳಿಮಳೆ ನುಗ್ಗದು.

ತೇವಕ್ಕೆ ದಿಮ್ಮಿಗಳ ಬುಡ ಕೊಳೆಯಿತು. 1848-49ರ ದುರಸ್ತಿಯಲ್ಲಿ ಕೊಳೆತ ತುದಿ ಕತ್ತರಿಸಿ, ಕೆಳಗೆ ಇಟ್ಟಿಗೆಯ ತಳಗಟ್ಟು ಕಟ್ಟಿದರು. ಪೂರ್ವದ ಆಲ್ಟರ್ (ಪೂಜಾವೇದಿಕೆ) ಭಾಗವೂ ಇಟ್ಟಿಗೆಯದೇ, ಸುಮಾರು 1500ರದ್ದು.