ಐಡಿ ಕಾರ್ಡ್ ಇಲ್ಲದ ಗಾಳಿ

ಏಸಿಯನ್ನು 20ರಿಂದ 28 ಡಿಗ್ರಿಯೊಳಗೆ ಕಟ್ಟಿಹಾಕುತ್ತೇವೆ ಅಂತ ಕೇಂದ್ರದ ಮಂತ್ರಿಗಳು 2025ರ ಜೂನ್‌ನಲ್ಲಿ ಹೇಳಿದ್ದೇ ತಡ, ನಮ್ಮ ಆಫೀಸಿನಲ್ಲಿ ಸ್ವಾತಂತ್ರ್ಯ ಹೋರಾಟ ಶುರುವಾಯಿತು. "ರಿಮೋಟು ನಮ್ಮ ಹಕ್ಕು" ಎಂದು ಅಬ್ಬರಿಸಿದವರು ಅಕೌಂಟ್ಸಿನ ಸಾಹೇಬರು. ಅಬ್ಬರಿಸುವಾಗ ಮೈಮೇಲೆ ಸ್ವೆಟರ್ ಇತ್ತು. ಏಪ್ರಿಲ್‌ನಲ್ಲೂ ಇರುತ್ತದೆ.

ನಮ್ಮದು ಅಡಿಯಿಂದ ಮುಡಿವರೆಗೆ ಗಾಜಿನ ಕಟ್ಟಡ. ಬೆಳಕು ಬರಲಿ ಅಂತ ಗಾಜು. ಬೆಳಕು ಕಣ್ಣಿಗೆ ಹೊಡೆಯುತ್ತದೆ ಅಂತ ಪರದೆ. ಪರದೆ ಎಳೆದರೆ ಕತ್ತಲು ಅಂತ ಟ್ಯೂಬ್‌ಲೈಟು. ಗಾಜು ಕಾದು ಸೆಕೆ ಅಂತ ಏಸಿ. ಏಸಿಗೆ ಚಳಿ ಅಂತ ಸ್ವೆಟರ್. ತೆರೆಯುವ ಕಿಟಕಿ ಒಂದೂ ಇಲ್ಲ. ಹೊರಗಿರುವುದು ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನ ತಂಪು ಗಾಳಿ ನಿಜ, ಆದರೆ ಒಳಗೆ ಬರಲು ಅದಕ್ಕೆ ಐಡಿ ಕಾರ್ಡ್ ಇಲ್ಲವಲ್ಲ!

1889ರಲ್ಲಿ ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಹಾಕಿದವರು ಅದರೊಳಗೆ ಹೂವು, ಗಿಡ ಇಟ್ಟರು. ನಾವು ಜಾಣರು, ಎಂಜಿನಿಯರುಗಳನ್ನು ಇಟ್ಟಿದ್ದೇವೆ.

ಹಾಗಂತ ಈ ಊರಲ್ಲಿ ಬುದ್ಧಿವಂತರಿಲ್ಲ ಅನ್ನಬೇಡಿ. ದೊಮ್ಮಲೂರಿನಲ್ಲಿರುವ ಟೆರಿ ಎಂಬ ಇಂಧನ ಸಂಶೋಧನಾ ಸಂಸ್ಥೆಯ ಕಟ್ಟಡ ನೋಡಿ. ಅಲ್ಲಿ ಗಾಳಿ ಬೀಸುವ ದಕ್ಷಿಣ ದಿಕ್ಕಿನಲ್ಲೇ ಗಬ್ಬು ನಾರುವ ಚರಂಡಿ. ವಾಸ್ತುಶಿಲ್ಪಿ ಸಂಜಯ್ ಮೊಹೆ ಕಟ್ಟಡದ ಬೆನ್ನನ್ನು ಆ ಕಡೆ ತಿರುಗಿಸಿ, ಗೋಡೆಗೆ ಕಪ್ಪು ಕಡಪ ಕಲ್ಲು ಹೊದಿಸಿದರು. ಕಲ್ಲು ಬಿಸಿಲಿಗೆ ಕಾಯುತ್ತದೆ, ಅದರ ಹಿಂಬದಿಯ ಗಾಳಿ ಬಿಸಿಯಾಗಿ ಮೇಲೇರಿ ಹೊರಟುಹೋಗುತ್ತದೆ, ತೆರವಾದ ಜಾಗಕ್ಕೆ ಉತ್ತರದ ತಂಪು ಗಾಳಿ ನುಗ್ಗುತ್ತದೆ. ಇದರಲ್ಲಿ ನನಗೆ ಮೆಚ್ಚುಗೆಯಾದ ಪಾತ್ರ ಚರಂಡಿಯದ್ದು. ಅದು ನಾರದಿದ್ದರೆ ಈ ಉಪಾಯ ಹೊಳೆಯುತ್ತಿತ್ತೋ ಇಲ್ಲವೋ. ಆ ಲೆಕ್ಕಕ್ಕೆ ಇಷ್ಟೊತ್ತಿಗೆ ಇಡೀ ಬೆಂಗಳೂರು ವಾಸ್ತುಶಿಲ್ಪದ ಕಾಶಿಯಾಗಬೇಕಿತ್ತು.

ನನ್ನ ಮನೆ ಕಟ್ಟುವಾಗ ಎದುರುಬದುರು ಕಿಟಕಿ ಇಡಪ್ಪ, ಗಾಳಿ ಹಾಯಲಿ ಎಂದೆ. "ಎಲ್ಲಿಂದ ಹಾಯುತ್ತೆ ಸಾರ್? ಪಕ್ಕದವರ ಗೋಡೆ ಮೈಮೇಲೆ ಬಿದ್ದಂಗಿದೆ" ಎಂದ ಮೇಸ್ತ್ರಿ. ಈಗ ಆ ಕಿಟಕಿಯಿಂದ ಪಕ್ಕದ ಮನೆಯ ಒಗ್ಗರಣೆ ಘಾಟು ತಪ್ಪದೆ ಬರುತ್ತದೆ. ಸಜ್ಜಾ ಅಗಲ ಮಾಡಿ ಅಂದರೆ ಎಂಜಿನಿಯರು, "ಎಲಿವೇಶನ್ ಕೆಡುತ್ತೆ" ಅಂದರು. ಎಲಿವೇಶನ್ ಕೆಡಲಿಲ್ಲ. ಮಧ್ಯಾಹ್ನ ಮಹಡಿ ಕೋಣೆಯಲ್ಲಿ ಹಪ್ಪಳ ಒಣಗಿಸಬಹುದು.

ನಿಯಮ ಇಲ್ಲವೇ? ಕಟ್ಟಡಗಳ ಇಂಧನ ಸಂಹಿತೆ 2007ರಲ್ಲೇ ಬಂತು, ಮನೆಗಳಿಗೆ ಇಕೋ ನಿವಾಸ್ ಸಂಹಿತೆ 2018ರಲ್ಲಿ. ಚಳಿ ಸೀಮೆ ಬಿಟ್ಟು ಉಳಿದ ಕಡೆ ಗೋಡೆ, ಕಿಟಕಿಗಳಿಂದ ಒಳಬರುವ ಶಾಖ ಚದರ ಮೀಟರಿಗೆ 15 ವ್ಯಾಟ್ ದಾಟಬಾರದಂತೆ. ನಿಮ್ಮ ಅಪಾರ್ಟ್‌ಮೆಂಟಿನ ಬ್ರೋಶರ್ ತೆಗೆದು ನೋಡಿ. ಈಜುಕೊಳದ ಅಳತೆ ಸಿಗುತ್ತದೆ.

ನಮ್ಮ ಕಟ್ಟಡದ ಹಿಂದೆ ಏಸಿಯ ಔಟ್‌ಡೋರ್ ಯೂನಿಟ್ಟುಗಳ ಸಾಲು. ಅದರ ಎದುರಿಗೇ ಸೆಕ್ಯುರಿಟಿಯವರ ತಗಡಿನ ಗೂಡು, ಒಂದು ಪ್ಲಾಸ್ಟಿಕ್ ಕುರ್ಚಿ, ಹನ್ನೆರಡು ಗಂಟೆ ಡ್ಯೂಟಿ. ನಾವು ಒಳಗಿಂದ ಆಚೆ ತಳ್ಳಿದ ಸೆಕೆಯನ್ನೆಲ್ಲ ಆ ಮನುಷ್ಯ ಮುಖಕ್ಕೆ ಹೊಡೆಸಿಕೊಂಡು ಕೂತಿರುತ್ತಾರೆ. ನಾಚಿಕೆಯಾಗಬೇಕು ನಮಗೆ. ಒಂದು ಟೇಬಲ್ ಫ್ಯಾನ್ ಕೇಳಿ ಮೂರು ತಿಂಗಳಾಯಿತಂತೆ.

"ಕೊಡಕ್ಕಾಗಲ್ಲ ಅಂದ್ರು ಸಾರ್. ಕರೆಂಟ್ ಉಳಿಸೋ ಪಾಲಿಸಿ ಇದೆಯಂತೆ."