ಕ್ವೇಕರರು ಕುದುರೆಗಾಡಿಯಲ್ಲೇ ಓಡಾಡುತ್ತಾರಾ?

ಕುದುರೆಗಾಡಿ, ಕರಿ ಟೋಪಿಯ ಫೋಟೊ ಹಾಕಿ, ಕ್ವೇಕರರು ಎಂಬ ಕ್ರೈಸ್ತ ಪಂಗಡದವರು ಕರೆಂಟು, ಕಾರು ಮುಟ್ಟೋದಿಲ್ಲ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದು ಕ್ವೇಕರರ ವಿಷಯವಲ್ಲ, ಆಮಿಶ್ ಎಂಬ ಇನ್ನೊಂದು ಕ್ರೈಸ್ತ ಪಂಗಡದ ಜನರದ್ದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಇಬ್ಬರೂ ಇದ್ದಾರೆ, ಹಿಂದೆ ಕ್ವೇಕರರೂ ಸಾದಾ ಬಟ್ಟೆಯನ್ನೇ ತೊಡುತ್ತಿದ್ದರು. ಗೊಂದಲ ಸಹಜ ಅಲ್ವಾ?

ಆದರೆ ಕ್ವೇಕರ್ ಪಂಗಡ ಹುಟ್ಟಿದ್ದು 1650ರ ಆಸುಪಾಸಿನ ಇಂಗ್ಲೆಂಡಿನಲ್ಲಿ. ಆಮಿಶರು 1693ರಲ್ಲಿ ಸ್ವಿಟ್ಜರ್ಲೆಂಡ್ ಕಡೆ ಮತ್ತೊಂದು ಕ್ರೈಸ್ತ ಪಂಗಡದಿಂದ ಬೇರೆಯಾದವರು. ಇಂದಿನ ಕ್ವೇಕರರು ಕಾರು ಓಡಿಸುತ್ತಾರೆ, ಆನ್‌ಲೈನ್‌ನಲ್ಲೂ ಸೇರುತ್ತಾರೆ. ಇಂಗ್ಲೆಂಡಿನ ಭಾನುವಾರದ ಸಭೆಯಲ್ಲಿ ಸುಮಾರು ಒಂದು ಗಂಟೆ ಎಲ್ಲರೂ ಸುಮ್ನೆ ಕೂತಿರುತ್ತಾರೆ. ಒಳಗಿಂದ ಮಾತು ಬಂದವರು ಎದ್ದು ನಾಲ್ಕು ಮಾತಾಡುತ್ತಾರೆ. ಕ್ವೇಕರರು ಅತಿ ಜಾಸ್ತಿ ಇರುವ ಕೀನ್ಯಾದಲ್ಲಂತೂ ಪಾದ್ರಿ, ಹಾಡು ಎಲ್ಲ ಉಂಟು.

ಇಂಥ ಫೋಟೊ ಬಂದರೆ ಗೂಗಲ್ ಲೆನ್ಸ್‌ಗೆ ಹಾಕಿ. ಮೊದಲು ಎಲ್ಲಿ ಬಂದಿತ್ತು, ಅಡಿಯಲ್ಲಿ ಯಾವ ಪಂಗಡದ ಹೆಸರಿತ್ತು ನೋಡಿ.