ದನಕ್ಕೆ ಹೊಸ ಲೆಕ್ಕ, ಜನಕ್ಕೆ ಹಳೇ ಲೆಕ್ಕ

ಅಜ್ಜಂಪುರದ ಕಡೆಯ ನಮ್ಮೂರಿನ ಜನಸಂಖ್ಯೆ ಎಷ್ಟು ಅಂತ ಪಂಚಾಯಿತಿಯಲ್ಲಿ ಕೇಳಿ ನೋಡಿ. ಥಟ್ಟನೆ ಹೇಳುತ್ತಾರೆ. ಇಷ್ಟು ವರ್ಷದಿಂದ ಒಂದೇ ಉತ್ತರ, ಒಮ್ಮೆಯೂ ಮಾತು ತಪ್ಪಿಲ್ಲ. ಯಾರಾದರೂ ಹುಟ್ಟಲಿ, ಸಾಯಲಿ, ಗಂಡನ ಮನೆಗೆ ಹೋಗಲಿ, ಪೀಣ್ಯದ ಫ್ಯಾಕ್ಟರಿ ಸೇರಲಿ, ಆ ಸಂಖ್ಯೆ ಕದಲುವುದಿಲ್ಲ. ಅದು 2011ರ ಜನಗಣತಿಯಲ್ಲಿ ಎಣಿಸಿದ್ದು. 2021ರಲ್ಲಿ ಮತ್ತೆ ಎಣಿಸಬೇಕಿತ್ತು, ಕೊರೊನಾ ಬಂತು. ಕೊರೊನಾ ಹೋಯಿತು, ಎಣಿಸುವವರು ಬರಲಿಲ್ಲ. ಈಗ 2027 ಅಂತಿದ್ದಾರೆ.

ಹಾಗಾಗಿ 2014ರಲ್ಲಿ ತೀರಿಕೊಂಡ ನಮ್ಮಜ್ಜಿ ಪುಸ್ತಕದಲ್ಲಿ ಇನ್ನೂ ಗಟ್ಟಿಮುಟ್ಟಾಗಿದ್ದಾಳೆ. ಆಗ ನಾಲ್ಕು ವರ್ಷದವನಿದ್ದ ಅಕ್ಕನ ಮಗ ಅನಕ್ಷರಸ್ಥರ ಕಾಲಂನಲ್ಲಿದ್ದಾನೆ. ಏಳು ತುಂಬದ ಮಕ್ಕಳನ್ನೆಲ್ಲ ಗಣತಿಯವರು ಅಲ್ಲಿಗೇ ಸೇರಿಸುತ್ತಾರೆ. ಈ ಅನಕ್ಷರಸ್ಥ ಈಗ ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ತಂಗಿ ಏಳನೇ ಕ್ಲಾಸು. ಅವಳಂತೂ ಇನ್ನೂ ಹುಟ್ಟೇ ಇಲ್ಲ.

ರೇಷನ್ ಅಕ್ಕಿಗೂ ಇದೇ ಲೆಕ್ಕ. ಆಹಾರ ಭದ್ರತಾ ಕಾಯ್ದೆಯಲ್ಲಿ ರಾಜ್ಯದ ಎಷ್ಟು ಜನಕ್ಕೆ ಅಕ್ಕಿ ಎಂಬುದು 2011ರ ತಲೆ ಎಣಿಸಿಯೇ ಗೊತ್ತಾಗಿದ್ದು. ಹಸಿವು ಮಾತ್ರ ಈ ವರ್ಷದ್ದು.

ಎಣಿಸದೇ ಇರುವುದೇ ಮೇಲು ಅಂತ ಒಮ್ಮೊಮ್ಮೆ ಅನಿಸುತ್ತದೆ. 2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ 11,40,905 ಜನ ಇದ್ದರು. 2011ರಲ್ಲಿ ಎಣಿಸಿದರೆ 11,37,961. ಎಣಿಸಿದಷ್ಟೂ ಕಡಿಮೆಯಾಗುವ ಜಿಲ್ಲೆ ನಮ್ಮದು. ಸುಮ್ನೆ ಬಿಟ್ಟರೆ ನಷ್ಟವಿಲ್ಲ, ಅಲ್ವಾ?

ಜನ ಎಷ್ಟು ಅನ್ನೋದು ಹೋಗಲಿ, ಊರು ಎಲ್ಲಿದೆ ಅನ್ನುವುದೂ ಯಾರು ಕೇಳುತ್ತಾರೆ ಎಂಬುದರ ಮೇಲೆ ನಿಂತಿದೆ. ಗಣತಿ ಪುಸ್ತಕದಲ್ಲಿ ನಮ್ಮದು ತರೀಕೆರೆ ತಾಲ್ಲೂಕು. ಆಮೇಲೆ ಅಜ್ಜಂಪುರವೇ ತಾಲ್ಲೂಕಾಯಿತು, ಸಂತೋಷ. ಆದರೆ ವೋಟು ಹಾಕುವುದು ತರೀಕೆರೆ ಕ್ಷೇತ್ರಕ್ಕೇ. ಸಂಸದರು ಉಡುಪಿ-ಚಿಕ್ಕಮಗಳೂರಿನವರು. ಕೆರೆ ಕೋಡಿ ಬಿದ್ದರೆ ಹಬ್ಬ ಮಾಡುವ ನಮಗೂ ಮಲ್ಪೆ ಬಂದರಿಗೂ ಒಬ್ಬರೇ ಪ್ರತಿನಿಧಿ! ಪಕ್ಕದ ಕಡೂರಿನವರದು ಇನ್ನೂ ಚಂದ. ಜಿಲ್ಲೆ ಚಿಕ್ಕಮಗಳೂರು, ಲೋಕಸಭೆಗೆ ಹಾಸನ.

ಮನೆಗೆ ಯಾರೂ ಬರಲೇ ಇಲ್ಲ ಅಂತಲ್ಲ. 2015ರಲ್ಲಿ ಮೇಷ್ಟ್ರುಗಳು ಬಂದರು, 2025ರಲ್ಲೂ ಬಂದರು. ಎರಡನೇ ಸಲ ಕರೆಂಟ್ ಮೀಟರ್ ನಂಬರ್ ಹಿಡಿದುಕೊಂಡೇ ಮನೆ ಹುಡುಕಿದರು. ಜಾತಿ, ಉಪಜಾತಿ, ಚಿನ್ನ, ಸಾಲ ಎಲ್ಲ ಕೇಳಿದರು. ಆದರೆ ಅದು ಸಮೀಕ್ಷೆಯಂತೆ, ಗಣತಿ ಅಲ್ಲವಂತೆ.

ದನದ ವಿಷಯದಲ್ಲಿ ಇಂಥ ಗೊಂದಲವೇ ಇಲ್ಲ. 2012ರಲ್ಲಿ ಜಾನುವಾರು ಗಣತಿ ಆಯಿತು. 2019ರಲ್ಲಿ ಆಯಿತು. 2024ರ ಕೊನೆಗೆ ಇನ್ನೊಂದು ಶುರುವಾಯಿತು. ನಮ್ಮ ಕೊಟ್ಟಿಗೆಯ ಗೌರಿಯ ಕಿವಿಯಲ್ಲಿ ಹಳದಿ ಓಲೆ, ಅದರಲ್ಲಿ ಹನ್ನೆರಡು ಅಂಕಿ. ಅಮೃತ್ ಮಹಲ್ ದನದ ತಳಿ ಕೇಂದ್ರ ಇರುವ ಸೀಮೆ ನೋಡಿ ಇದು. ಮೈಸೂರು ಅರಸರು ದನ ಸಾಕಲೆಂದೇ ಇಟ್ಟಿದ್ದ ಬೆಣ್ಣೆ ಚಾವಡಿ ಎಂಬ ಇಲಾಖೆಯ ಕಾಲದಿಂದ ದನದ ಲೆಕ್ಕ ಪಕ್ಕಾ.

ಕಳೆದ ಸಲ ಎಣಿಸಲು ಬಂದವರು ಮೊಬೈಲ್ ತೆಗೆದು ಹಸು ಬರೆದುಕೊಂಡರು, ಕರು ಬರೆದುಕೊಂಡರು, ಬಾಗಿಲಲ್ಲಿ ಮಲಗಿದ್ದ ನಾಯಿಯನ್ನೂ ಬಿಡಲಿಲ್ಲ. ಏಳನೇ ಕ್ಲಾಸಿನವಳು ಹೋಗಿ ಎದುರಿಗೆ ನಿಂತಳು.

"ನನ್ನನ್ನೂ ಬರ್ಕೊಳಿ ಸಾರ್."

"ನಿಂದು ಬೇರೆ ಇಲಾಖೆ ಪುಟ್ಟ," ಅಂದು ಕೋಳಿಗಳ ಕಡೆ ತಿರುಗಿದರು. "ನಾಟಿನಾ, ಫಾರಮ್ಮಾ?"

"ನಾಟಿ," ಎಂದರು ಮಾವ. "ಮೂರು ಹೇಂಟೆ, ಒಂದು ಹುಂಜ."

ಅವತ್ತು ಭಾನುವಾರ. ರಾತ್ರಿಯ ಹೊತ್ತಿಗೆ ಹುಂಜ ಸಾರಾಗಿತ್ತು, ಮುದ್ದೆ ಜೊತೆ ಭರ್ಜರಿಯಾಗಿತ್ತು. ಲೆಕ್ಕದಲ್ಲಿ ಅದಕ್ಕಿನ್ನೂ ಐದು ವರ್ಷ ಆಯಸ್ಸಿದೆ. ನಮ್ಮಜ್ಜಿಯಷ್ಟು ಜಾಸ್ತಿ ಏನಲ್ಲ.